ಕೋಡಿಯಿಲ್ಲದ ಸರೋವರ

ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಸೀಮೆಯ ಭಕ್ತರಿಗೆ ಕೇದಾರಯಾತ್ರೆ ಹೊಸದಲ್ಲ. ಕೇದಾರನಾಥ ದೇವಾಲಯದ ರಾವಲರು ದಕ್ಷಿಣದ ವೀರಶೈವ ಸಮುದಾಯದಿಂದಲೇ ಬರುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಚಳಿಗಾಲದಲ್ಲಿ ಹಿಮ ಮುಸುಕಿ ದೇವಾಲಯದ ಬಾಗಿಲು ಮುಚ್ಚಿದಾಗ ಪೂಜೆಯು ಕೆಳಗಿನ ಊಖೀಮಠದಲ್ಲಿ ಸಲ್ಲುತ್ತದೆ. ಆದುದರಿಂದ ಕನ್ನಡನಾಡಿನ ಶಿವಭಕ್ತರಿಗೆ ಆ ದೂರದ ಹಿಮಾಲಯವು ಪರಸ್ಥಳವೆಂದು ಎಂದೂ ಅನಿಸಿಲ್ಲ. ಬೇಸಿಗೆ ಬಂತೆಂದರೆ ಊರೂರುಗಳಿಂದ ತಂಡಗಳು ಹೊರಡುತ್ತವೆ. ಹಿರಿಯರು ದಂಡವನ್ನೂರಿ, ಕಿರಿಯರು ಹೆಗಲಿಗೆ ಚೀಲವನ್ನೇರಿಸಿ ಗೌರಿಕುಂಡದಿಂದ ಮೇಲಕ್ಕೆ ನಡೆಯುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಈ ಯಾತ್ರೆಯ ಸ್ವರೂಪದಲ್ಲಿ ಒಂದು ಬದಲಾವಣೆ ಕಂಡುಬರುತ್ತಿದೆ. ಹಿಂದಿನ ತಲೆಮಾರಿನವರು ದರ್ಶನ ಮುಗಿಸಿ ಕೆಳಗಿಳಿಯುತ್ತಿದ್ದರು. ಇಂದಿನ ತರುಣ ಭಕ್ತರು ದೇವಾಲಯದ ಹಿಂದಣ ಬೆಟ್ಟಗಳನ್ನೂ ಏರಬಯಸುತ್ತಾರೆ. ಅಲ್ಲಿ ಎರಡು ಸರೋವರಗಳ ಹೆಸರು ಪ್ರಸಿದ್ಧವಾಗಿದೆ. ಒಂದು ಚೋರಾಬಾರಿ ತಾಲ್, ಮತ್ತೊಂದು ವಾಸುಕಿ ತಾಲ್. ‘ತಾಲ್’ ಎಂದರೆ ಆ ಸೀಮೆಯ ನುಡಿಯಲ್ಲಿ ಕೆರೆ ಅಥವಾ ಸರೋವರ. ಅಷ್ಟು ಎತ್ತರದಲ್ಲಿ, ಜನವಸತಿಯಿಂದ ಅಷ್ಟು ದೂರದಲ್ಲಿ ನಿಂತಿರುವ ನೀರನ್ನು ಭಕ್ತನು ಯಾವ ಭಾವದಿಂದ ಕಾಣಬೇಕು? ತೀರ್ಥವೆಂದೇ, ವಿಹಾರದ ತಾಣವೆಂದೇ, ಅಥವಾ ಇವೆರಡೂ ಅಲ್ಲದ ಬೇರೊಂದು ಭಾವವಿದೆಯೇ? ವಚನಗಳನ್ನು ನಿತ್ಯವೂ ಓದುವವರಿಗೆ ಈ ಪ್ರಶ್ನೆ ಬಾರದೆ ಇರದು. ಏಕೆಂದರೆ ತೀರ್ಥಸ್ನಾನದಿಂದಲೇ ಪುಣ್ಯ ಬರುವುದೆಂಬ ನಂಬಿಕೆಯನ್ನು ಶರಣರು ಒಪ್ಪಲಿಲ್ಲ.

ಮೊದಲು ಆ ಎತ್ತರದ ಸ್ವಭಾವವನ್ನು ಅರಿಯುವುದು ಅವಶ್ಯಕ. ಚಿತ್ರದುರ್ಗದ ಜನ ಎತ್ತರವೆಂದು ಬೆರಳೆತ್ತಿ ತೋರಿಸುವ ಜೋಗಿಮಟ್ಟಿ ಸುಮಾರು 3,800 ಅಡಿಯಷ್ಟಿದೆ. ಕೇದಾರನಾಥ ದೇವಾಲಯವಿರುವುದು 3,583 ಮೀಟರ್ ಎತ್ತರದಲ್ಲಿ, ಅಂದರೆ ಹನ್ನೊಂದು ಸಾವಿರದ ಏಳುನೂರು ಅಡಿಗೂ ಮೇಲೆ. ಅಲ್ಲಿಂದ ಸುಮಾರು 8 ಕಿಲೋಮೀಟರ್ ದೂರದ ವಾಸುಕಿ ತಾಲ್ 4,100 ಮೀಟರನ್ನೂ ಮೀರಿದೆ. ಆ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ದೊರೆಯುವುದರ ಐದನೆಯ ಮೂರು ಭಾಗ ಮಾತ್ರ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳದೆ ಬಯಲುಸೀಮೆಯ ದೇಹ ಮುಂದೆ ಸಾಗದು.

ಮರಗಳ ಸೀಮೆ ಕೆಳಗೇ ಉಳಿದುಬಿಡುತ್ತದೆ. ಕೊನೆಗೆ ಕಾಣಸಿಗುವುದು ಭೂರ್ಜವೃಕ್ಷ. ಪ್ರಾಚೀನರು ಇದರ ತೊಗಟೆಯ ಮೇಲೆಯೇ ಗ್ರಂಥಗಳನ್ನು ಬರೆಯುತ್ತಿದ್ದರು. ಅದರಿಂದ ಮೇಲಕ್ಕೆ ಹುಲ್ಲುಗಾವಲು. ಗಢವಾಲದ ಜನ ಅದನ್ನು ‘ಬುಗ್ಯಾಲ್’ ಎನ್ನುತ್ತಾರೆ. ವರ್ಷದ ಬಹುಕಾಲ ಹಿಮದಡಿಯಲ್ಲಿರುವ ಆ ನೆಲದಲ್ಲಿ ಹುಲ್ಲಿಗೂ ಹೂವಿಗೂ ಬೆಳೆಯಲು ದೊರೆಯುವುದು ಕೆಲವೇ ತಿಂಗಳು. ಆ ಅಲ್ಪಾವಧಿಯಲ್ಲಿಯೇ ಮೊಳೆತು, ಅರಳಿ, ಬೀಜವಾಗಿ ಮುಗಿಯಬೇಕು. ಮಳೆಗಾಲದಲ್ಲಿ ವಾಸುಕಿ ತಾಲಿನ ದಾರಿಯ ಕಲ್ಲುಗಳ ನಡುವೆ ಬ್ರಹ್ಮಕಮಲ ಅರಳುತ್ತದೆ. ಕನ್ನಡನಾಡಿನ ಅಂಗಳಗಳಲ್ಲಿ ರಾತ್ರಿಯ ಹೊತ್ತು ಅರಳುವ, ಅದೇ ಹೆಸರಿನಿಂದ ಕರೆಯಲ್ಪಡುವ ಹೂ ಕಳ್ಳಿಯ ಜಾತಿಗೆ ಸೇರಿದುದು. ಹಿಮಾಲಯದ ಬ್ರಹ್ಮಕಮಲವೇ ಬೇರೆ, ಅದು ಸೂರ್ಯಕಾಂತಿಯ ಕುಲದ್ದು. ಈ ಇಡೀ ಪ್ರದೇಶ 1972ರಲ್ಲಿ ಸ್ಥಾಪನೆಯಾದ ಕೇದಾರನಾಥ ವನ್ಯಜೀವಿಧಾಮದ ಆಸುಪಾಸಿನಲ್ಲಿದೆ. ಕಸ್ತೂರಿಮೃಗವು ಆ ಧಾಮದ ಮುಖ್ಯ ಜೀವಿ. ಬಣ್ಣಬಣ್ಣದ ಗರಿಗಳ ಮೋನಾಲ್ ಪಕ್ಷಿಯೂ ಇಲ್ಲಿದೆ. ಇವೆಲ್ಲ ಕಡಿಮೆ ಆಹಾರ, ಕಡಿಮೆ ಉಷ್ಣತೆ, ಕಡಿಮೆ ಅವಧಿಯಲ್ಲಿ ಬದುಕನ್ನು ಹೊಂದಿಸಿಕೊಂಡ ಜೀವಿಗಳು. ಬಯಲಿನಲ್ಲಿ ತುಳಿದ ಹುಲ್ಲು ಒಂದು ಮಳೆಗೆ ಚಿಗುರುತ್ತದೆ. ಅಲ್ಲಿ ಬುಡಸಮೇತ ಕಿತ್ತ ಒಂದು ಹಿಡಿ ಹುಲ್ಲಿನ ಜಾಗ ವರ್ಷಗಟ್ಟಲೆ ಬರಿದಾಗಿಯೇ ಉಳಿಯಬಹುದು.

ಇನ್ನು ಚೋರಾಬಾರಿ ತಾಲಿನ ವಿಷಯ. ಅದು ದೇವಾಲಯದಿಂದ ಸುಮಾರು 2 ಕಿಲೋಮೀಟರ್ ಮೇಲೆ, ಚೋರಾಬಾರಿ ಹಿಮನದಿಯ ಮಗ್ಗುಲಲ್ಲಿತ್ತು. 1948ರಲ್ಲಿ ಮಹಾತ್ಮ ಗಾಂಧೀಜಿಯವರ ಚಿತಾಭಸ್ಮದ ಒಂದಂಶವನ್ನು ಅಲ್ಲಿ ವಿಸರ್ಜಿಸಿದ ಕಾರಣ ಅದಕ್ಕೆ ಗಾಂಧಿ ಸರೋವರವೆಂಬ ಹೆಸರೂ ಬಂದಿತು. ಸುಮಾರು 400 ಮೀಟರ್ ಉದ್ದ, 200 ಮೀಟರ್ ಅಗಲ, 15ರಿಂದ 20 ಮೀಟರ್ ಆಳದ ಆ ಸರೋವರಕ್ಕೆ ಏರಿಯನ್ನು ಯಾರೂ ಕಟ್ಟಿರಲಿಲ್ಲ. ಹಿಮನದಿಯು ಹೊತ್ತು ತಂದು ಬದಿಗೆ ಒಟ್ಟಿದ ಗುಂಡುಕಲ್ಲು, ಜಲ್ಲಿ, ಮಣ್ಣುಗಳ ದಿಬ್ಬವೇ ಅದರ ಏರಿ. ಕರಗಿದ ಹಿಮದ ನೀರೂ ಮಳೆಯ ನೀರೂ ಅಲ್ಲಿ ನಿಲ್ಲುತ್ತಿದ್ದವು. ತುಂಬಿದ ನೀರು ಹೊರಹೋಗಲು ಮೇಲ್ಗಡೆ ದಾರಿಯೇ ಇರಲಿಲ್ಲ. ತಳದ ಸಂದುಗಳ ಮೂಲಕ ಜಿನುಗಿಹೋಗಬೇಕಿತ್ತು. ಕೆರೆಯ ನಾಡಿನವರ ಮಾತಿನಲ್ಲಿ ಹೇಳುವುದಾದರೆ, ಅದು ಕೋಡಿಯಿಲ್ಲದ ಸರೋವರ.

2013ರ ಜೂನ್ ತಿಂಗಳ ನಡುವೆ ಅಲ್ಲಿ ಎಡೆಬಿಡದೆ ಮಳೆ ಸುರಿಯಿತು. ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು ಹಿಮನದಿಯ ಬಳಿ ಇರಿಸಿದ್ದ ಮಳೆಮಾಪಕದಲ್ಲಿ ಜೂನ್ 15 ಮತ್ತು 16ರ ನಡುವಿನ 24 ತಾಸುಗಳಲ್ಲಿ 325 ಮಿಲಿಮೀಟರ್ ಮಳೆ ದಾಖಲಾಯಿತು. ಚಿತ್ರದುರ್ಗ ಜಿಲ್ಲೆಗೆ ಇಡೀ ವರ್ಷದಲ್ಲಿ ಬೀಳುವ ಮಳೆಯ ಅರ್ಧದಷ್ಟು ಅಲ್ಲಿ ಒಂದೇ ದಿನದಲ್ಲಿ ಬಿದ್ದಿತು. ಮಳೆಯ ಜೊತೆಗೆ ಹಿಮವೂ ಕರಗಿ ಸರೋವರಕ್ಕೆ ಸೇರಿತು. ಜೂನ್ 17ರ ಮುಂಜಾನೆ ದಿಬ್ಬ ಒಡೆಯಿತು. ಐದು ಹತ್ತು ನಿಮಿಷಗಳೊಳಗೆ ಸರೋವರ ಬರಿದಾಯಿತು. ಆ ನೀರು ಕಲ್ಲುಮಣ್ಣುಗಳೊಡನೆ ಕೇದಾರದ ಬೀದಿಗಳ ಮೇಲೆ ಹರಿದು ಮಂದಾಕಿನಿಯ ಕಣಿವೆಯನ್ನು ಕೊಚ್ಚಿಕೊಂಡು ಹೋಯಿತು. ಉತ್ತರಾಖಂಡದ ಆ ದುರಂತದಲ್ಲಿ ಮಡಿದವರ ಮತ್ತು ಕಾಣೆಯಾದವರ ಸಂಖ್ಯೆ 5,000ವನ್ನು ಮೀರಿತು. ದೇವಾಲಯದ ಬೆನ್ನಿಗೆ ಬಂದು ನಿಂತ ದೊಡ್ಡ ಬಂಡೆಯೊಂದು ಪ್ರವಾಹವನ್ನು ಎರಡಾಗಿ ಸೀಳಿದುದರಿಂದ ಗುಡಿ ಉಳಿಯಿತು. ಸರೋವರ ಉಳಿಯಲಿಲ್ಲ. ಇಂದು ಅಲ್ಲಿಗೆ ಹೋದವರಿಗೆ ಎದುರಾಗುವುದು ಬಹುಮಟ್ಟಿಗೆ ಕಲ್ಲುಗಳು ಹರಡಿದ ಒಂದು ಬೋಗುಣಿ.

ಈಗ ವಚನಗಳ ಕಡೆಗೆ ಬರಬಹುದು. ಜಲವನ್ನೂ ವೃಕ್ಷವನ್ನೂ ದೈವವೆಂದು ನೆಚ್ಚುವವರನ್ನು ಕುರಿತ ಬಸವಣ್ಣನವರ ವಚನವೊಂದು ಭಕ್ತರೆಲ್ಲರಿಗೂ ಪರಿಚಿತವಾದುದೇ. ಒಂದಲ್ಲ ಒಂದು ದಿನ ಇಂಗಿಹೋಗುವ ವಸ್ತುವನ್ನು ಮೆಚ್ಚಿ ನಿಂತವರು ನಿತ್ಯವಾದುದನ್ನು ಹೇಗೆ ಅರಿತಾರು ಎಂಬುದು ಅದರ ಇಂಗಿತ. ಎಂಟು ಶತಮಾನಗಳಿಗೂ ಹಿಂದಿನ ಆ ಮಾತು ಚೋರಾಬಾರಿಯಲ್ಲಿ ಅಕ್ಷರಶಃ ನಿಜವಾಯಿತು. ತೀರ್ಥವೆಂದು ಜನ ಕೈಮುಗಿದ ನೀರು ಅವರ ಕಣ್ಣೆದುರಿಗೇ ಬರಿದಾಯಿತು.

ಆದರೆ ಈ ವಚನದಿಂದ ಯಾವ ತೀರ್ಮಾನಕ್ಕೆ ಬರಬೇಕು ಎಂಬಲ್ಲಿ ವಿವೇಚನೆ ಬೇಕು. ನೀರು ದೈವವಲ್ಲ, ಆದ್ದರಿಂದ ಅದು ಬರಿಯ ನೀರು, ಅದರ ದಡದಲ್ಲಿ ಏನು ಮಾಡಿದರೂ ದೋಷವಿಲ್ಲ ಎಂದು ಕೆಲವರು ತಿಳಿದಂತಿದೆ. ಇದು ಶರಣರ ಮಾತನ್ನು ಅರ್ಧಕ್ಕೆ ನಿಲ್ಲಿಸಿದಂತೆ. ನೀರು ಬತ್ತುವುದೆಂದು ಅವರು ಹೇಳಿದ ಮೇಲೆ, ಬತ್ತುವ ವಸ್ತುವಿನ ಬಗೆಗೆ ಮನುಷ್ಯನ ಹೊಣೆ ಏನೆಂಬ ಪ್ರಶ್ನೆ ಉಳಿಯುತ್ತದೆ. ನಿತ್ಯವಾದುದಕ್ಕೆ ಯಾರ ರಕ್ಷಣೆಯೂ ಬೇಡ. ಅದು ಯಾರು ಕಾಯದಿದ್ದರೂ ಇರುತ್ತದೆ. ಅನಿತ್ಯವಾದುದಕ್ಕಾದರೋ ಪೂಜೆಗಿಂತ ಕಾವಲು ಮುಖ್ಯ. ನೀರನ್ನು ದೇವರೆಂದು ನಂಬಿದವನು ಅದು ತನ್ನನ್ನು ಕಾಯುತ್ತದೆಂದು ನಿಶ್ಚಿಂತನಾಗಿರಬಹುದು. ಅದರಲ್ಲಿ ಮುಳುಗಿ ತನ್ನ ಪಾಪ ತೊಳೆದುಹೋಯಿತೆಂದೂ ಭಾವಿಸಬಹುದು. ಅಂತಹ ನಂಬಿಕೆಯನ್ನು ಬಿಟ್ಟ ಲಿಂಗವಂತನಿಗೆ ಆ ಅನುಕೂಲವಿಲ್ಲ. ಅವನು ಸರೋವರದ ದಡದಲ್ಲಿ ಮಾಡಿದ ತಪ್ಪನ್ನು ಆ ಸರೋವರ ತೊಳೆಯದು. ಆದುದರಿಂದ ಅವನ ಹೊಣೆಯೇ ಹೆಚ್ಚಿನದು.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆ ಈ ವಿಚಾರಕ್ಕೆ ಬೆಳಕು ಚೆಲ್ಲುತ್ತದೆ. ಬಾಲ್ಯದಲ್ಲಿ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದ ಅವರು ಮರಳಿ ಬಂದು ಸೊನ್ನಲಿಗೆಯಲ್ಲಿ ಮಾಡಿದ ಕಾರ್ಯಗಳಲ್ಲಿ ಮುಖ್ಯವಾದುದು ಕೆರೆಯ ನಿರ್ಮಾಣ. ಇಂದಿಗೂ ಸೊಲ್ಲಾಪುರದ ನಡುವೆ ಆ ಕೆರೆಯೂ ನೀರಿನಿಂದ ಆವೃತವಾದ ಸಿದ್ಧೇಶ್ವರ ದೇವಾಲಯವೂ ಇವೆ. ಕೆರೆಯ ಕಾಯಕದಲ್ಲಿ ತೊಡಗಿದ್ದ ಸಿದ್ಧರಾಮರ ಬಳಿಗೆ ಅಲ್ಲಮಪ್ರಭುಗಳು ಬಂದು ಅವರನ್ನು ಪರೀಕ್ಷಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ನಿರೂಪಿಸುತ್ತದೆ. ಪ್ರಭುಗಳ ಮಾತುಗಳನ್ನು ಮೇಲ್ನೋಟಕ್ಕೆ ಓದಿದವರಿಗೆ ಅವರು ಕೆರೆಯನ್ನೇ ಹಳಿದರೆಂದು ತೋರಬಹುದು. ವಾಸ್ತವವಾಗಿ ಅವರು ಹಳಿದುದು ಕೆರೆ ಕಟ್ಟಿಸಿದೆನೆಂಬ ಅಹಂಕಾರವನ್ನು. ಕೆರೆಯನ್ನು ಒಡೆಯಿರೆಂದು ಪ್ರಭುಗಳು ಹೇಳಲಿಲ್ಲ. ಸಿದ್ಧರಾಮರು ಕಲ್ಯಾಣಕ್ಕೆ ಹೋಗಿ ಶರಣರ ಸಂಗದಲ್ಲಿ ಬೆಳೆದ ಮೇಲೆಯೂ ಅವರ ಕೆರೆಯ ನೀರು ಜನರಿಗೆ ಒದಗುತ್ತಲೇ ಇತ್ತು. ‘ನಾನು ಕಟ್ಟಿದೆ’ ಎಂಬುದು ಹೋಗಬೇಕು, ಕಟ್ಟಿದ ಕೆರೆ ಇರಬೇಕು. ಇದೇ ನ್ಯಾಯವನ್ನು ಯಾತ್ರೆಗೂ ಅನ್ವಯಿಸಬಹುದು. ‘ನಾನು ಏರಿದೆ, ನಾನು ಕಂಡೆ’ ಎಂಬುದು ಹೋಗಬೇಕು, ಕಂಡ ಸರೋವರ ಇದ್ದಂತೆಯೇ ಇರಬೇಕು. ಇಂದು ಎತ್ತರಕ್ಕೆ ಹೋದ ಅನೇಕರಿಗೆ ಸರೋವರಕ್ಕಿಂತ ಸರೋವರದ ಮುಂದೆ ನಿಂತ ತಮ್ಮ ಭಾವಚಿತ್ರವೇ ಮುಖ್ಯವಾಗಿದೆ. 2023ರಲ್ಲಿ ಕೇದಾರನಾಥ ದೇವಾಲಯದೊಳಗೆ ಮೊಬೈಲಿನಿಂದ ಚಿತ್ರ ತೆಗೆಯುವುದನ್ನು ನಿಷೇಧಿಸಬೇಕಾಗಿ ಬಂದಿತು ಎಂಬುದನ್ನು ನೆನೆದರೆ ಸಾಕು.

ಅದೇ 2023ರ ಯಾತ್ರಾಕಾಲದಲ್ಲಿ ಕೇದಾರಕ್ಕೆ ಬಂದವರ ಸಂಖ್ಯೆ 19 ಲಕ್ಷವನ್ನು ಮೀರಿತು. ಇವರಲ್ಲಿ ಅತ್ಯಲ್ಪ ಭಾಗ ಮಾತ್ರ ಮೇಲಿನ ಸರೋವರಗಳ ಕಡೆಗೆ ಹೋದರೂ ಆ ನೆಲಕ್ಕೆ ಅದು ಹೊರೆಯೇ. ಇಲ್ಲಿ ಕೋಡಿಯ ಮಾತನ್ನು ಮತ್ತೆ ತೆಗೆದುಕೊಳ್ಳಬೇಕಾಗುತ್ತದೆ. ಚಿತ್ರದುರ್ಗದ ಕೋಟೆಯ ಬೆಟ್ಟವನ್ನು ಏರಿದವರು ಗೋಪಾಲಸ್ವಾಮಿ ಹೊಂಡವನ್ನು ಕಂಡಿರುತ್ತಾರೆ. ಬಂಡೆಗಳ ಮೇಲೆ ಬಿದ್ದ ಮಳೆನೀರು ಆ ಹೊಂಡವನ್ನು ತುಂಬುತ್ತದೆ. ಅಲ್ಲಿ ಹೆಚ್ಚಾದುದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಹರಿಯುತ್ತದೆ. ಮಳೆ ಕಡಿಮೆಯಾದ ಸೀಮೆಯಲ್ಲಿ, ಬರಿಯ ಬಂಡೆಯ ನೆತ್ತಿಯ ಮೇಲೆ ಒಂದು ಹನಿಯೂ ವ್ಯರ್ಥವಾಗದ ಈ ಏರ್ಪಾಡನ್ನು ರೂಪಿಸಿದ ಪೂರ್ವಿಕರು ಒಂದು ಸತ್ಯವನ್ನು ಅರಿತಿದ್ದರು. ಯಾವ ಪಾತ್ರೆಗೂ ಒಂದು ಮಿತಿಯಿದೆ; ಆ ಮಿತಿಯನ್ನು ಮೊದಲೇ ಅರಿತು ದಾರಿ ಬಿಟ್ಟರೆ ಏರಿ ಉಳಿಯುತ್ತದೆ.

ಕೋಡಿ ನಿತ್ಯವೂ ಹರಿಯುವುದಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ನಂತರ ಮತ್ತೆ ಕೋಡಿ ಬಿದ್ದುದು 89 ವರ್ಷಗಳಾದ ಮೇಲೆ, 2022ರಲ್ಲಿ. ಒಂದು ಇಡೀ ತಲೆಮಾರು ಆ ಕೋಡಿಯಲ್ಲಿ ನೀರನ್ನೇ ಕಾಣದೆ ಕಳೆದುಹೋಯಿತು. ಆದರೂ ಅದನ್ನು ಯಾರೂ ನಿರುಪಯುಕ್ತವೆಂದು ಮುಚ್ಚಲಿಲ್ಲ. ಮಿತಿಯೆಂಬುದು ಹೀಗೆಯೇ. ಅದರ ಪ್ರಯೋಜನ ಪ್ರತಿದಿನ ಕಾಣುವುದಿಲ್ಲ, ಕಾಣುವ ದಿನ ಅದು ಇಲ್ಲದಿದ್ದರೆ ಉಳಿಗಾಲವಿಲ್ಲ.

ಸರೋವರಗಳಿಗೆ ಹೋಗುವ ಜನಕ್ಕೂ ಇಂತಹ ಮಿತಿ ಇರಬೇಕೆಂಬುದು ನ್ಯಾಯವಾದ ಮಾತು. 2018ರ ಆಗಸ್ಟ್ ತಿಂಗಳಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಅಲ್ಲಿಗೆ ಹೋಗುವವರ ಸಂಖ್ಯೆಯನ್ನು ದಿನಕ್ಕೆ 200ಕ್ಕೆ ಮಿತಗೊಳಿಸಿತು. ಕರ್ನಾಟಕದಲ್ಲಿಯೂ 2024ರಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಂಗುಳಿ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿಯನ್ನು ಹಾಕಿತು. ಇಂತಹ ನಿಯಮಗಳು ಬಂದಾಗ ಭಕ್ತರಲ್ಲಿ ಕೆಲವರು ಅಸಮಾಧಾನಗೊಳ್ಳುತ್ತಾರೆ. ಶಿವನ ಬೆಟ್ಟಕ್ಕೆ ಹೋಗಲು ಅಪ್ಪಣೆ ಚೀಟಿ ಏಕೆ ಎಂದು ಕೇಳುತ್ತಾರೆ. ಜೀವಮಾನದಲ್ಲಿ ಒಮ್ಮೆ ಮಾತ್ರ ಅಲ್ಲಿಗೆ ಹೋಗಬಲ್ಲ ಬಡವರ, ವೃದ್ಧರ ಗತಿಯೇನೆಂಬುದೂ, ಯಾತ್ರಿಕರನ್ನೇ ನಂಬಿದ ಡೋಲಿಯವರ, ಕುದುರೆಯವರ, ಅಂಗಡಿಯವರ ಬದುಕೇನೆಂಬುದೂ ಉಪೇಕ್ಷಿಸತಕ್ಕ ಪ್ರಶ್ನೆಗಳಲ್ಲ.

ಆದರೆ ದೇವಾಲಯದ ದರ್ಶನ ಬೇರೆ, ಅದರ ಮೇಲಿನ ಸರೋವರಗಳ ದರ್ಶನ ಬೇರೆ. ವೃದ್ಧರೂ ಬಡವರೂ ಬಯಸುವುದು ಮೊದಲನೆಯದನ್ನು. ಎರಡನೆಯದು ಕಾಲಲ್ಲಿ ಕಸುವುಳ್ಳವರ ಅಪೇಕ್ಷೆ. ಮಿತಿ ಹಾಕಿದರೆ ಕಡಿಮೆಯಾಗುವುದು ಅಪೇಕ್ಷೆಯೇ ಹೊರತು ಭಕ್ತಿಯಲ್ಲ. ಡೋಲಿಯವರ ಮತ್ತು ಅಂಗಡಿಯವರ ಬದುಕಾದರೋ 2013ರಲ್ಲಿ ಎಲ್ಲರಿಗಿಂತ ಹೆಚ್ಚು ಕೊಚ್ಚಿಹೋದ ಬದುಕು. ಮೇಲಿನ ನೆಲ ಗಟ್ಟಿಯಾಗಿದ್ದರೆ ಮಾತ್ರ ಕೆಳಗಿನ ಅಂಗಡಿ ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಧರಿಸಿದ ಭಕ್ತನಿಗಂತೂ ಯಾವ ದೂರದ ದಡವನ್ನೂ ಮುಟ್ಟಲೇಬೇಕೆಂಬ ಕಟ್ಟಳೆಯಿಲ್ಲ. ಆ ಸರೋವರದಿಂದ ಅವನಿಗೆ ಆಗಬೇಕಾದುದು ಏನೂ ಇಲ್ಲ. ಆಗಬೇಕಾದುದು ಏನೂ ಇಲ್ಲದವನೇ ಅಲ್ಲಿಗೆ ಉತ್ತಮ ಅತಿಥಿ.

ಅಂತಹ ಅತಿಥಿಯ ನಡೆ ಹೇಗಿರಬೇಕೆಂಬುದು ಕಠಿಣವಾದುದೇನಲ್ಲ. ಪೂಜೆಗೆ ಬೇಕಾದ ಅಗ್ಗವಣಿಯನ್ನು ಗಿಂಡಿಯಲ್ಲಿ ತೆಗೆದುಕೊಂಡು ದಡದಿಂದ ದೂರ ಕುಳಿತು ಲಿಂಗಾರ್ಚನೆ ಮಾಡಬಹುದು. ನೀರಿಗಿಳಿದು ಮೀಯಬೇಕಾಗಿಲ್ಲ, ಸಾಬೂನಿನ ಮಾತಂತೂ ಬೇಡ. ಬ್ರಹ್ಮಕಮಲವನ್ನು ಕಂಡೊಡನೆ ಕಿತ್ತು ಲಿಂಗಕ್ಕೆ ಏರಿಸುವ ಆತುರವೂ ಬೇಡ. ಗಿಡದ ಮೇಲಿದ್ದಾಗಲೂ ಆ ಹೂ ಶಿವನಿಗೆ ಅರ್ಪಿತವಾಗಿಯೇ ಇದೆ. ಕಿತ್ತರೆ ಮುಂದಿನ ವರ್ಷದ ಬೀಜ ಇಲ್ಲವಾಗುತ್ತದೆ. ಹೊತ್ತುಕೊಂಡು ಹೋದ ಪ್ಲಾಸ್ಟಿಕ್ ಬಾಟಲಿ, ವಿಭೂತಿಯ ಪೊಟ್ಟಣ, ಊದುಬತ್ತಿಯ ಕವರುಗಳನ್ನು ಹೊತ್ತುಕೊಂಡೇ ಇಳಿಯಬೇಕು. ಆ ಚಳಿಯಲ್ಲಿ ಯಾವುದೂ ಬೇಗ ಕೊಳೆಯುವುದಿಲ್ಲ. ಬೆಟ್ಟದ ಮೇಲೆ ಬಿಟ್ಟುಬಂದ ವಸ್ತು ಬಿಟ್ಟವನ ಆಯುಷ್ಯವನ್ನೂ ಮೀರಿ ಅಲ್ಲಿ ಉಳಿಯಬಹುದು.

ಕೊನೆಯದಾಗಿ, ಸರೋವರವನ್ನು ಕಂಡು ಬಂದವರು ಊರಿನ ನೀರನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದರಲ್ಲಿಯೇ ಯಾತ್ರೆಯ ಫಲ ತಿಳಿಯುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿಯೂ ಒಂದು ಜಲಧಾರೆಯಿದೆ. ಅದರ ಹೆಸರು ಹಿಮವತ್ಕೇದಾರ. ಹಿಮವನ್ನೇ ಕಾಣದ ಸೀಮೆಯವರು ತಮ್ಮ ಬೆಟ್ಟದ ನೀರಿಗೆ ಆ ಹೆಸರಿಟ್ಟರೆಂದರೆ ಅದು ಅವರಿಗೆ ಎಷ್ಟು ಅಮೂಲ್ಯವಾಗಿತ್ತೆಂಬುದು ಊಹಿಸಬಹುದಾದುದು. ಹೊಳಲ್ಕೆರೆಯ ಹೆಸರಿನಲ್ಲಿಯಂತೂ ಕೆರೆಯೇ ಇದೆ. ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ಪಟ್ಟಣದೊಡನೆ ಕೆರೆಯನ್ನೂ ಸೇರಿಸಿ ಕರೆದ ಹಿರಿಯರಿಗೆ ಇವೆರಡೂ ಬೇರೆಯಾಗಿರಲಿಲ್ಲ. ತೂಬನ್ನು ತೆರೆದು ಮುಚ್ಚಲು ನೀರುಗಂಟಿ ಇದ್ದನು, ಬೇಸಿಗೆಯಲ್ಲಿ ಹೂಳೆತ್ತಲು ಊರಿಗೆ ಊರೇ ಬರುತ್ತಿತ್ತು, ಕೋಡಿ ಬಿದ್ದ ದಿನ ಬಾಗಿನ ಅರ್ಪಿಸಿ ಹಬ್ಬ ಮಾಡುತ್ತಿದ್ದರು. ಇಂದು ಕೆರೆಗೆ ನೀರು ತರುವ ಹಳ್ಳಗಳ ಮೇಲೆ ಮನೆ, ತೋಟಗಳು ಎದ್ದಿರುವ ಊರುಗಳು ನಾಡಿನಲ್ಲಿ ಎಷ್ಟೋ ಇವೆ. ಹಳ್ಳವನ್ನು ಮುಚ್ಚಿದವರೇ ಸಾವಿರಾರು ಮೈಲಿ ದೂರದ ಸರೋವರದ ನೀರನ್ನು ಶೀಶೆಯಲ್ಲಿ ತುಂಬಿಕೊಂಡು ಬಂದು ದೇವರಮನೆಯಲ್ಲಿ ಇರಿಸಿದರೆ ಅದನ್ನು ಭಕ್ತಿಯೆಂದು ಶರಣರು ಒಪ್ಪಿಯಾರೇ?

ಸಿದ್ಧರಾಮರು ಶ್ರೀಶೈಲದ ಬೆಟ್ಟದಿಂದ ಸೊನ್ನಲಿಗೆಗೆ ಮರಳಿದ್ದು ಬರಿಗೈಯಲ್ಲಿಯೇ. ಅವರ ಯಾತ್ರೆಯ ಫಲ ಊರ ಜನರಿಗೆ ಕಂಡುದು ಕೆರೆಯ ರೂಪದಲ್ಲಿ. ಹೊಳಲ್ಕೆರೆಯ ಭಕ್ತರು ಕೇದಾರಕ್ಕೆ ಹೋಗಿಬರಲಿ, ಸಾಧ್ಯವಾದವರು ವಾಸುಕಿ ತಾಲನ್ನೂ ಕಂಡು ಬರಲಿ. ಚೋರಾಬಾರಿಯ ಬರಿದಾದ ತಳದ ಮುಂದೆ ಒಂದು ಗಳಿಗೆ ನಿಂತು, ನೀರು ಎಷ್ಟು ಬೇಗ ಇಲ್ಲವಾಗಬಲ್ಲದೆಂಬುದನ್ನು ಮನಗಾಣಲಿ. ಬಂದ ಮೇಲೆ ಬೇಸಿಗೆ ಮುಗಿಯುವ ಮುನ್ನ ತಮ್ಮ ಊರ ಕೆರೆಯ ಏರಿಯ ಮೇಲೆ ಒಮ್ಮೆ ನಡೆದು, ಕೋಡಿ ಕಟ್ಟಿಕೊಂಡಿದೆಯೇ, ನೀರು ಬರುವ ಹಳ್ಳ ತೆರೆದಿದೆಯೇ ಎಂದು ನೋಡಲಿ.